ಬೆಟ್ಟದಪ್ಪನ ಹೆಸರು ಹುಯ್ದದ್ದು

ನಮ್ಮ ಕಸುಬಿನಲ್ಲಿ ಅಕ್ಷರ ಇರಲಿಲ್ಲ. ಚುಕ್ಕಿ, ಗೆರೆ, ಬಳ್ಳಿ, ತೊಟ್ಟಿಲು, ಚೇಳು, ಜೋಗಿ ಜಡೆ, ಅಷ್ಟೇ. ನಮ್ಮತ್ತೆ ನನಗೆ ಇಪ್ಪತ್ತೊಂದು ಥರದ ಹಚ್ಚೆ ಕಲಿಸಿದ್ದಳು. ಇಪ್ಪತ್ತೊಂದೂ ಕಣ್ಣು ಮುಚ್ಚಿದರೂ ಕೈಗೆ ಬರುತ್ತಿದ್ದವು. ಚೇಳು ಹುಯ್ದರೆ ಅದು ಯಾರ ಚೇಳು ಎಂದು ಯಾರೂ ಕೇಳುವುದಿಲ್ಲ. ಹೆಸರು ಹಾಗಲ್ಲ. ಹೆಸರಿಗೆ ಒಬ್ಬ ಯಜಮಾನ ಇರುತ್ತಾನೆ. ನಾನು ಒಂದು ಹುಡುಗಿಯ ಕೈ ಮೇಲೆ ಬೇರೆ ಗಂಡಸಿನ ಹೆಸರು ಹುಯ್ದೆ. ಅವಳ ಸಂಸಾರ ಅದರಿಂದ ಹೋಯಿತು. ಅದನ್ನು ಹೇಳುತ್ತಿದ್ದೇನೆ.

ಹಚ್ಚೆ ಹುಯ್ಯುವುದು ಹೇಗೆಂದು ಮೊದಲು ಹೇಳಿಬಿಡುತ್ತೇನೆ. ಹರಳೆಣ್ಣೆ ದೀಪದ ಮೇಲೆ ಮಡಕೆಯ ಚೂರು ಕವುಚಿ ಮಸಿ ಹಿಡಿಯಬೇಕು. ಆ ಮಸಿಯನ್ನು ಗರಿಕೆ ಹುಲ್ಲಿನ ರಸದಲ್ಲಿ ಅರೆಯಬೇಕು. ಹಸುಗೂಸಿನ ತಾಯಿ ಯಾರಾದರೂ ಹತ್ತಿರದಲ್ಲಿದ್ದು ನಾಲ್ಕು ತೊಟ್ಟು ಎದೆಹಾಲು ಕೊಟ್ಟರೆ ಬಣ್ಣ ಚೆನ್ನಾಗಿ ಕಚ್ಚುತ್ತದೆ. ಮೂರು ಸೂಜಿ ಸೇರಿಸಿ ದಾರ ಸುತ್ತಿ ಮೊನೆ ಮಾತ್ರ ಹೊರಗೆ ಬಿಡಬೇಕು. ಆ ದಾರವೇ ಆಳದ ಅಳತೆ. ಹೆಚ್ಚು ಇಳಿದರೆ ಬಣ್ಣ ಹರಡಿ ಕೀವಾಗುತ್ತದೆ. ಕಡಿಮೆ ಇಳಿದರೆ ಹಕ್ಕಳೆ ಉದುರುವಾಗ ಬಣ್ಣವೂ ಉದುರುತ್ತದೆ. ಚುಚ್ಚುವಾಗ ಹಾಡು ಹೇಳುತ್ತೇವೆ. ಹುಡುಗಿಗೆ ನೋವು ಮರೆಯಲಿ ಎಂದು ಹಾಡುತ್ತಾರೆ ಅಂತ ಜನ ತಿಳಿದಿದ್ದಾರೆ. ಅದು ನಮ್ಮ ಕೈ ಒಂದೇ ಸಮ ಏಳುವುದಕ್ಕೆ, ಬೀಳುವುದಕ್ಕೆ.

ನನ್ನ ಗಂಡ ಸತ್ತ ಮೇಲೆ ಈ ಸೂಜಿಯೇ ನನ್ನ ಹೊಟ್ಟೆಪಾಡು. ಮಧುಗಿರಿಯ ಹೊರಗೆ ಒಂದು ಗುಡಿಸಲು. ಅಲ್ಲಿಂದ ಐ.ಡಿ.ಹಳ್ಳಿ ಕಡೆ, ಪಾವಗಡ ಕಡೆ, ಕೊರಟಗೆರೆ ಕಡೆ ಬುಟ್ಟಿ ಹೊತ್ತುಕೊಂಡು ನಡೆಯುವುದು. ಮೊಳಕೈವರೆಗೆ ಹುಯ್ದರೆ ಮೊರ ತುಂಬ ರಾಗಿ, ಒಂದು ಹಳೆ ಸೀರೆ. ಎಪ್ಪತ್ತರ ದಶಕ ಕಳೆಯುತ್ತ ಬಂದ ಹಾಗೆ ಅದು ನಿಂತುಹೋಯಿತು. ಹುಡುಗಿಯರು ಮೊಳಕೈವರೆಗೆ ಹುಯ್ಯಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ನಾಲ್ಕು ಚುಕ್ಕಿ ಸಾಕು ಎನ್ನುತ್ತಿದ್ದರು. ನಾಲ್ಕು ಚುಕ್ಕಿಗೆ ಯಾರು ರಾಗಿ ಕೊಡುತ್ತಾರೆ?

ಒಂದು ಸಲ ಶಿರಾ ಸಂತೆಗೆ ಹೋಗಿದ್ದೆ. ಅಲ್ಲಿ ಒಬ್ಬ ಸಾಬರು ಬ್ಯಾಟರಿ ಮಿಷಿನ್ನು ಇಟ್ಟುಕೊಂಡು ಕೂತಿದ್ದರು. ಗುಂಯ್ ಅನ್ನುವ ಮಿಷಿನ್ನು. ಗಂಡಸರು ಸಾಲಾಗಿ ನಿಂತು ತೋಳು ಒಡ್ಡುತ್ತಿದ್ದರು. ಎಲ್ಲರಿಗೂ ಹೆಸರೇ ಬೇಕು. ನಾನು ನಿಂತು ನೋಡುತ್ತಿದ್ದುದನ್ನು ಕಂಡು ಅವರೇ ಮಾತಾಡಿಸಿದರು.

"ಏನಮ್ಮಾ, ನೀವೂ ಇದೇ ಕೆಲ್ಸಾನಾ?"

"ಹೂಂ ಕಣಪ್ಪ. ಚೇಳು, ಬಳ್ಳಿ ಹುಯ್ತೀನಿ."

"ಅರೆ, ಚೇಳು ಗೀಳು ಯಾರ್ಗೆ ಬೇಕಮ್ಮಾ ಈಗ? ಜಮಾನಾ ಬದಲ್ ಆಗೈತೆ. ಹೆಸ್ರು ಬರೀರಿ, ಹೆಸ್ರು."

"ನಂಗೆ ಬರಿಯಾಕೆ ಬರಲ್ಲ."

"ನನಗೆ ಬರ್ತದಾ? ಚೀಟಿ ನೋಡ್ಕೊಂಡು ಗೀಚ್ತೀನಿ. ಉಲ್ಟಾ ಹಿಡ್ಕೊಂಡ್ರೆ ಉಲ್ಟಾನೇ ಬರೀತೀನಿ" ಎಂದು ನಕ್ಕರು.

ಸಂತೆಯಿಂದ ವಾಪಸು ನಡೆಯುವಾಗ ನನಗೆ ಒಂದು ಯೋಚನೆ ಬಂತು. ಆ ಮಿಷಿನ್ನು ಸಂತೆ ಬಿಟ್ಟು ಹಟ್ಟಿಗೆ ಬರುವುದಿಲ್ಲ. ಕುರಿ ಸಾಕುವವರ ಹಟ್ಟಿಗಳ ಹೆಣ್ಣುಮಕ್ಕಳು ಸಂತೆಗೆ ಹೋಗಿ ಗಂಡಸಿನ ಕೈಗೆ ಕೈ ಕೊಡುವುದಿಲ್ಲ. ಅವರಿಗೂ ಹೆಸರು ಬೇಕಾಗುತ್ತದೆ. ಅವರ ಬಾಗಿಲಿಗೆ ಹೋಗುವವಳು ನಾನೊಬ್ಬಳೇ. ಹಾಗಾಗಿ ನಾನು ಅಕ್ಷರ ಕಲಿಯಬೇಕು.

ಐ.ಡಿ.ಹಳ್ಳಿ ಕಡೆಯ ಒಂದು ಊರಿನಲ್ಲಿ ಸ್ಕೂಲಿನ ಮೇಡಂ ಒಬ್ಬರಿದ್ದರು. ಅವರಿಗೆ ಒಂದು ಮೊರ, ಎರಡು ಕುಕ್ಕೆ ಹೆಣೆದುಕೊಟ್ಟು ಕೇಳಿದೆ. ಅವರು ಸ್ಲೇಟಿನ ಮೇಲೆ ಅ ಆ ಬರೆದರು.

"ನಂಗೆ ಅ ಆ ಬ್ಯಾಡಿ ಕಣವ್ವ. ಪ್ಪ ಹೇಳ್ಕೊಡಿ."

"ಪ್ಪ?"

"ಈ ಸೀಮೆ ಗಂಡಸ್ರೆಲ್ಲಾ ಅಪ್ಪನೇ ಅಲ್ವಾ. ರಂಗಪ್ಪ, ಸಿದ್ದಪ್ಪ, ತಿಮ್ಮಪ್ಪ. ಅದನ್ನ ಕಲ್ತ್ರೆ ಅರ್ಧ ಹೆಸ್ರು ಕಲ್ತಂಗೆ."

ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಎಲ್ಲರೂ ತಲೆಯಿಂದ ಕಲೀತಾರೆ. ನೀನು ಬಾಲದಿಂದ ಶುರು ಮಾಡ್ತೀಯಲ್ಲಮ್ಮ" ಎಂದರು. ಆದರೂ ಹಾಗೆಯೇ ಕಲಿಸಿದರು. ಪ್ಪ, ಯ್ಯ, ಣ್ಣ ಆಯಿತು. ಆಮೇಲೆ ಮುಂದಿನ ತುಂಡುಗಳು: ರಂಗ, ಸಿದ್ದ, ಈರ, ತಿಮ್ಮ, ಹನುಮ. ನಾನು ಓದಲು ಕಲಿಯಲಿಲ್ಲ. ಚೇಳನ್ನು ಕಲಿತ ಹಾಗೆಯೇ ಅವನ್ನೂ ಕಲಿತೆ. ಸೋರೆಕಾಯಿ ಸಿಪ್ಪೆಯ ಮೇಲೆ ಚುಚ್ಚಿ ಚುಚ್ಚಿ ನೋಡಿದೆ. ರಕಾರದ ಹೊಟ್ಟೆ ಚಿಕ್ಕದಾದರೆ ಮಸಿ ಕೂಡಿಕೊಂಡು ಮುಚ್ಚಿಹೋಗುತ್ತಿತ್ತು. ಒಂದೊಂದು ಅಕ್ಷರವೂ ಅವರೆಕಾಳಿಗಿಂತ ದೊಡ್ಡದಿರಬೇಕು ಎಂದು ಗೊತ್ತಾಗುವುದಕ್ಕೆ ಆರು ಸೋರೆಕಾಯಿ ಹಾಳಾದವು. ಸಿಪ್ಪೆ ತೆಗೆದು ಬಾಕಿಯದನ್ನು ಸಾರು ಮಾಡಿ ತಿಂದೆ.

ಹೆಸರು ಬರೆಯುತ್ತಾಳೆ ಎಂದು ಗೊತ್ತಾದ ಮೇಲೆ ಕರೆಯುವವರು ಹೆಚ್ಚಿದರು. ಆಗ ನಾನು ಒಂದು ಕ್ರಮ ಮಾಡಿಕೊಂಡೆ. ಕಂಡ ಕಡೆ ತಿರುಗುವುದನ್ನು ಬಿಟ್ಟೆ. ಇಂಥ ಹಟ್ಟಿಗೆ ಇಂಥ ದಿನ ಎಂದರೆ ಆ ದಿನ ಬರಲೇಬೇಕು. ಹುಯ್ದ ಎಂಟನೆಯ ದಿನ ಮತ್ತೆ ಬಂದು ಹಕ್ಕಳೆ ನೋಡಿ, ಬಣ್ಣ ಬಿಟ್ಟ ಕಡೆ ಪುಕ್ಕಟೆ ತುಂಬಿಕೊಡುವುದು. ಇದನ್ನು ನಮ್ಮವರು ಯಾರೂ ಮಾಡುತ್ತಿರಲಿಲ್ಲ. ಪಾವಗಡದ ಕಡೆ ಮಾತ್ರ ಒಂದು ತೊಡಕು, ಅಲ್ಲಿ ಹೆಸರು ತೆಲುಗು ಅಕ್ಷರದಲ್ಲಿ ಬೇಕು. "ಏಮಮ್ಮಾ, ತೆಲುಗು ರಾದಾ ನೀಕು?" ಎಂದು ಕೇಳುತ್ತಿದ್ದರು. ರಾದು, ಬರುವುದಿಲ್ಲ ಎಂದು ಹೇಳಿ ಚೇಳು ಹುಯ್ದು ಬರುತ್ತಿದ್ದೆ. ಐ.ಡಿ.ಹಳ್ಳಿ ಕಡೆಯ ಎಂಟು ಹಟ್ಟಿಗಳೇ ನನ್ನ ಗಟ್ಟಿ ಗಿರಾಕಿ. ಆ ಎಂಟಕ್ಕೂ ಒಬ್ಬರೇ ಯಜಮಾನರು. ಅವರ ಹೆಂಡತಿಯ ಕೈಗೆ ಮೊದಲು ಹೆಸರು ಹುಯ್ದಿದ್ದೆ. ಆ ಕೈ ನೋಡಿಯೇ ಬಾಕಿಯವರು ಬಂದದ್ದು.

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡುವಂತಿಲ್ಲ. ಆಡಿದರೆ ಅವನ ಆಯಸ್ಸು ಕಡಿಮೆ ಎನ್ನುತ್ತಾರೆ. ಜೊತೆಗೆ ಬಂದ ನಾದಿನಿಯೋ ಓರಗಿತ್ತಿಯೋ ಹೇಳುತ್ತಿದ್ದರು. ನಮ್ಮತ್ತೆ ನನಗೆ ಹಾಕಿಕೊಟ್ಟ ಇನ್ನೊಂದು ಕಟ್ಟಳೆ ಇತ್ತು. ಕೈಯಲ್ಲಿ ಸೂಜಿ ಹಿಡಿದ ಮೇಲೆ ನಾವು ಯಾರ ಹೆಸರನ್ನೂ ಕೂಗಬಾರದು. ಕಬ್ಬಿಣದ ಮುಂದೆ ಹೆಸರು ಆಡಿದರೆ ಅದು ಆ ಮನುಷ್ಯನಿಗೆ ನಾಟುತ್ತದಂತೆ. ನಾನೂ ಅದನ್ನು ನಂಬಿ ನಡೆಯುತ್ತಿದ್ದೆ.

ಶಿವರಾತ್ರಿ ಕಳೆದ ಮೇಲೆ ಒಂದು ಹಟ್ಟಿಗೆ ಹೋದೆ. ಬಿಸಿಲು ಏರಿತ್ತು. ದೊಡ್ಡವರೆಲ್ಲ ಹೊರಗೆ ಹೋಗಿದ್ದರು. ಒಂದು ಮನೆಯ ಜಗಲಿಯ ಮೇಲೆ ಹೊಸ ಸೊಸೆಯೊಬ್ಬಳು ಉಣ್ಣೆ ಹಿಂಜುತ್ತ ಕೂತಿದ್ದಳು. ಕೊರಟಗೆರೆ ಕಡೆಯ ಹುಡುಗಿ, ಬಂದು ಆರೇಳು ತಿಂಗಳು. ಆ ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ದೊಡ್ಡವನು ಮನೆಯಲ್ಲೇ ಇದ್ದು ಹೊಲ ನೋಡುತ್ತಿದ್ದ. ಚಿಕ್ಕವನು, ಇವಳ ಗಂಡ, ಸಂಕ್ರಾಂತಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಮೇವು ಹುಡುಕುತ್ತ ಆಂಧ್ರದ ಕಡೆ ಹೋಗಿದ್ದ. ಮಳೆ ಬಿದ್ದ ಮೇಲೆಯೇ ವಾಪಸು.

ನನ್ನನ್ನು ಕಂಡು ಆ ಹುಡುಗಿ ಎದ್ದು ಬಂದಳು.

"ಯಕ್ಕಾ, ಅವ್ರು ಬರೋದ್ರೊಳಗೆ ಹಕ್ಕಳೆ ಉದುರ್ತದಾ?"

"ಯಾರು?"

"ಅವ್ರೇ ಕಣಕ್ಕ." ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಹೆಸ್ರು ಹುಯ್ಸ್ಕೋಬೇಕು. ಬಂದಾಗ ನೋಡ್ಲಿ ಅಂತ."

"ನಿಮ್ಮತ್ತೆ ಎಲ್ಲಿ? ಹೆಸ್ರು ಹೇಳೋರು ಯಾರು?"

"ಯಾರೂ ಇಲ್ಲ. ನಾನೇ ಗುರುತು ಹೇಳ್ತೀನಿ, ನೀವೇ ತಿಳ್ಕಳಿ. ಬೆಟ್ಟದಪ್ಪನ ಹೆಸ್ರು."

"ಯಾವ ಬೆಟ್ಟ?"

ಅವಳು ದಕ್ಷಿಣಕ್ಕೆ ಕೈ ತೋರಿಸಿದಳು. ಹಟ್ಟಿಯ ಮುಂದೆಯೇ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಒಂದು ಗುಡ್ಡ. ಅದರ ಮೇಲೆ ರಂಗಪ್ಪನ ಗುಡಿ. ಅದರ ಸುಣ್ಣದ ಗೋಡೆ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ನಾನು ಸೂಜಿಯ ತುದಿಯಿಂದ ಅತ್ತ ತೋರಿಸಿ, "ಅದೇ ತಾನೆ?" ಎಂದೆ. ಹೂಂ ಎಂದು ತಲೆ ಹಾಕಿದಳು. ಸೂಜಿ ಕೈಯಲ್ಲಿತ್ತು. ಹೆಸರನ್ನು ನಾನೂ ಬಾಯಿಬಿಟ್ಟು ಆಡಲಿಲ್ಲ.

ಎಡಗೈಯ ಒಳಮೈ ಮೇಲೆ ಕಡ್ಡಿಯಿಂದ ಮೊದಲು ಮಸಿಯ ಗೆರೆ ಎಳೆದೆ. ಮೂರು ಅಕ್ಷರ. ಅವಳಿಗೂ ಓದು ಬರದು. "ಎಷ್ಟ್ ಚೆಂದ ಕಾಣ್ತೈತೆ ಯಕ್ಕಾ" ಎಂದಳು. ಚುಚ್ಚುವಾಗ ಒಂದು ಸಲವೂ ಕೈ ಎಳೆಯಲಿಲ್ಲ. ಎಣ್ಣೆ ಅರಿಸಿನ ಬಳಿದು, ಎಂಟನೆಯ ದಿನ ಬರುತ್ತೇನೆಂದು ಹೇಳಿ ಎದ್ದೆ. ನಾನು ಅದುವರೆಗೆ ಹುಯ್ದ ಹೆಸರುಗಳಲ್ಲಿ ಅದು ಬಲು ನೀಟಾಗಿ ಬಂದದ್ದು. ರಕಾರದ ಹೊಟ್ಟೆ ದುಂಡಗೆ ಬಂದಿತ್ತು.

ಎಂಟನೆಯ ದಿನ ಹೋದಾಗ ಆ ಮನೆಯ ಅತ್ತೆ ಅಂಗಳದಲ್ಲಿ ನಿಂತಿದ್ದಳು.

"ಬಂದ್ಯೇನಮ್ಮ ಬರಹಗಾತಿ? ಬಾ. ನಿನಗೇ ಕಾಯ್ತಾ ಇದ್ವಿ. ಚೆಂದಾಗಿ ಬರ್ದಿದ್ದೀಯ, ಊರೇ ಓದೋ ಹಂಗೆ."

ನಡೆದದ್ದು ಇಷ್ಟು. ಹುಡುಗಿ ಭಾವನಿಗೆ ಊಟಕ್ಕಿಡುವಾಗ ಸೆರಗು ಜಾರಿ ಕೈ ಕಂಡಿತ್ತು. ಆ ಮನುಷ್ಯನಿಗೆ ಓದು ಬರುವುದಿಲ್ಲ. ರೇಷನ್ ಕಾರ್ಡಿಗೆ ರುಜು ಹಾಕಲು ತನ್ನ ಹೆಸರೊಂದನ್ನು ಬರೆಯಲು ಕಲಿತಿದ್ದ. ಲೋಕದಲ್ಲಿ ಅವನು ಓದಬಲ್ಲ ಮಾತು ಅದೊಂದೇ. ಅದೇ ತಮ್ಮನ ಹೆಂಡತಿಯ ಕೈ ಮೇಲಿತ್ತು. ಅವನ ಹೆಸರು ರಂಗಪ್ಪ. ಮುದ್ದೆಗಿಟ್ಟ ಕೈ ಹಾಗೇ ತೆಗೆದು ಎದ್ದುಹೋಗಿದ್ದ. ಆಮೇಲೆ ಅವನೇ ತಾಯಿಗೆ ಹೇಳಿದ. ಅವನ ಹೆಂಡತಿ ಆ ದಿನವೇ ಮಗು ಎತ್ತಿಕೊಂಡು ತವರಿಗೆ ಹೋಗಿದ್ದಳು.

ಕಟ್ಟೆಯ ಹತ್ತಿರ ಯಜಮಾನರು ಕೂತರು. ಹಟ್ಟಿಯ ಗಂಡಸರು ಕೂತರು. ಹೆಂಗಸರು ಗೋಡೆಯ ಮರೆಯಲ್ಲಿ ನಿಂತರು. ಹುಡುಗಿಯನ್ನು ಕುರಿರೊಪ್ಪದಿಂದ ಕರೆದು ತಂದರು. ಕೈ ಕಂಡ ದಿನದಿಂದ ಅವಳನ್ನು ಅಲ್ಲೇ ಮಲಗಿಸುತ್ತಿದ್ದರು. ತಲೆಯಲ್ಲಿ ಹಿಕ್ಕೆಯ ಪುಡಿ ಇತ್ತು.

ಯಜಮಾನರು ಕೇಳಿದರು: "ಏನ್ ಹೇಳಿ ಹುಯ್ಸ್ಕೊಂಡೆ ಮಗಾ?"

"ಬೆಟ್ಟದಪ್ಪ ಅಂದೆ."

"ಬೆಟ್ಟದಪ್ಪ ಅಂದ್ರೆ ನಮ್ ರಂಗಪ್ಪನೇ ಅಲ್ವಾ?"

"ಆ ಬೆಟ್ಟ ಅಲ್ಲ."

ಅತ್ತೆ ಕೈ ಬೀಸಿ ಮುಂದೆ ಬಂದಳು. "ನೋಡಿ, ಈಗ ಬೆಟ್ಟಾನೇ ಬದಲಾಯ್ಸ್ತಾಳೆ! ಗಂಡ ಅಡವೀಲಿ, ಭಾವ ಮನೇಲಿ. ಇವಳಿಗೆ ಬೆಟ್ಟ ಬೇರೆ ಕೇಡು."

"ಸುಮ್ಕಿರಮ್ಮ. ಮಗಾ, ಆ ಬೆಟ್ಟ ಅಲ್ದಿದ್ರೆ ಯಾರ ಹೆಸ್ರು ಅಂದ್ಕೊಂಡಿದ್ದೆ? ಬಾಯ್ಬುಟ್ಟು ಹೇಳ್ಬುಡು, ಮುಗೀತದೆ."

"ನನ್ ಮಗ ಅಡವೀಲವ್ನೆ!" ಎಂದು ಅತ್ತೆ ಚೀರಿದಳು. "ಹತ್ತು ಜನರ ಮುಂದೆ ಅವನ ಹೆಸ್ರು ಆಡ್ಲಿ ನೋಡಾಣ. ಅವನಿಗೆ ಒಂದು ಹುಳ ಮುಟ್ಟಿದ್ರೂ ಇವಳನ್ನ ಸುಮ್ನೆ ಬಿಡಾಕಿಲ್ಲ."

ಹುಡುಗಿ ಬಾಯಿ ತೆರೆದಳು. ತುಟಿ ಅಲ್ಲಾಡಿತು. ಸದ್ದು ಬರಲಿಲ್ಲ. ಮತ್ತೆ ದಕ್ಷಿಣಕ್ಕೆ ಕೈ ಚಾಚಿದಳು. ಆಗ ನನಗೆ ಹೊಳೆಯಿತು. ಅವಳು ಕೊರಟಗೆರೆ ಕಡೆಯವಳು. ಅವಳಿಗೆ ಬೆಟ್ಟ ಅಂದರೆ ಸಿದ್ದರಬೆಟ್ಟ. ಅದೂ ದಕ್ಷಿಣಕ್ಕೇ, ಈ ಗುಡ್ಡದ ಹಿಂದೆ, ಎಷ್ಟೋ ದೂರದಲ್ಲಿ, ಇಲ್ಲಿಂದ ಕಣ್ಣಿಗೆ ಕಾಣದ ಕಡೆ. ಆ ಬೆಟ್ಟದ ಅಪ್ಪ ಸಿದ್ದಪ್ಪ, ಅವಳ ಗಂಡನ ಹೆಸರೂ ಅದೇ ಇರಬೇಕು. ಅವಳು ಈ ಗುಡ್ಡವನ್ನು ತೋರಿಸಿರಲಿಲ್ಲ. ಈ ಗುಡ್ಡ ದಾಟಿ ತನ್ನ ತವರಿನ ಬೆಟ್ಟವನ್ನು ತೋರಿಸಿದ್ದಳು.

ಯಜಮಾನರು ನನ್ನ ಕಡೆ ತಿರುಗಿದರು. "ಹಚ್ಚೆಯಮ್ಮ, ನೀನ್ ಹೇಳು. ಎತ್ತ ಕೈ ತೋರ್ಸಿದ್ಲು?"

ಅವರ ಹಿಂದೆ ಅವರ ಹೆಂಡತಿ ನಿಂತಿದ್ದಳು. ಅವಳ ಕೈ ಮೇಲೆ ನಾನು ಹುಯ್ದ ಹೆಸರಿತ್ತು. ನನ್ನದು ತಪ್ಪು ಎಂದು ಹೇಳಿದರೆ ಎಂಟು ಹಟ್ಟಿ ಹೋಗುತ್ತದೆ. ಎಂಟು ಹಟ್ಟಿಯ ಒಬ್ಬೊಬ್ಬ ಹೆಂಗಸೂ ತನ್ನ ಕೈಯನ್ನು ಸ್ಕೂಲಿಗೆ ತೆಗೆದುಕೊಂಡು ಹೋಗಿ ಓದಿಸಿ ನೋಡುತ್ತಾಳೆ. ಇಷ್ಟನ್ನೂ ನಾನು ಒಂದು ಉಸಿರಿನಲ್ಲಿ ಯೋಚಿಸಿದೆ.

"ಈ ಗುಡ್ಡದ ಕಡೆಗೇ ತೋರ್ಸಿದ್ಲು ಯಜಮಾನ್ರೇ" ಎಂದೆ. "ಅವಳು ಹೇಳಿದ್ದನ್ನೇ ಹುಯ್ದಿದ್ದೀನಿ."

ಸುಳ್ಳಲ್ಲ. ಕೈ ಇದ್ದದ್ದು ಆ ಕಡೆಗೇ. ಹುಡುಗಿ ನನ್ನ ಮುಖ ನೋಡಿದಳು. ನಾನು ಬುಟ್ಟಿಯ ಸಿಂಬಿ ಸರಿಮಾಡಿಕೊಂಡೆ.

ಗಂಡ ಬರುವ ತನಕ ತವರಿನಲ್ಲಿರಲಿ ಎಂದು ತೀರ್ಮಾನ ಆಯಿತು. ಮಾರನೆಯ ದಿನ ಅವಳ ತಂದೆ ಬಂದು ಕರೆದುಕೊಂಡು ಹೋದ.

ನನಗೆ ಏನೂ ನಷ್ಟ ಆಗಲಿಲ್ಲ. ಯಜಮಾನರ ಮುಂದೆ ನನ್ನ ಮಾತು ನಿಂತಿತು ಎಂದು ಜನ ನನ್ನನ್ನು ಇನ್ನೂ ನಂಬಿದರು. ಮುಂದೆ ಮದುವೆಯ ಕಾಲ. ಹೊಸ ಮದುಮಕ್ಕಳೆಲ್ಲ ಹೆಸರು ಕೇಳುವವರೇ. ಬೆಳಿಗ್ಗೆಯಿಂದ ಸಂಜೆವರೆಗೆ ಮೂರು ಮೂರು ಕೈ ಹುಯ್ದೆ. ಸೂಜಿ ಮೊಂಡಾಗಿ ಮಧುಗಿರಿಗೆ ಹೋಗಿ ಹೊಸದು ತಂದೆ. ಗುಡಿಸಲಿನ ರಾಗಿ ಗುಡಾಣ ಆ ವರ್ಷ ತುಂಬಿದ ಹಾಗೆ ಎಂದೂ ತುಂಬಿರಲಿಲ್ಲ.

ಯುಗಾದಿಯ ಆಸುಪಾಸಿನಲ್ಲಿ ಕೊರಟಗೆರೆ ಸಂತೆಯಲ್ಲಿ ಒಬ್ಬ ಬಳೆಗಾರ್ತಿ ಸಿಕ್ಕಳು. ಆ ಹುಡುಗಿಯ ಊರಿಗೆ ಬಳೆ ತೊಡಿಸಲು ಹೋಗಿದ್ದಳಂತೆ. "ಬಲಗೈಗೆ ಮಾತ್ರ ತೊಡ್ಸಿ ಬಂದೆ ಕಣಕ್ಕ. ಎಡಗೈ ಮುಟ್ಟೋ ಹಂಗಿಲ್ಲ" ಎಂದಳು. ಹೋಗಿ ನೋಡಿದೆ. ಹೆಸರು ಹೋದರೆ ಗಂಡ ಕರೆದುಕೊಳ್ಳುತ್ತಾನೆ ಎಂದು ಯಾರೋ ಹೇಳಿದ್ದರಂತೆ. ಅವಳ ತಂದೆ ಕರಿಗೇರಿನ ಎಣ್ಣೆ ಹಚ್ಚಿದ್ದ. ಮಡಿವಾಳರು ಬಟ್ಟೆಗೆ ಗುರುತು ಹಾಕುವ ಎಣ್ಣೆ ಅದು. ಮೈಗೆ ತಾಗಿದರೆ ಬೆಂಕಿ. ಮಣಿಕಟ್ಟಿನಿಂದ ಮೊಳಕೈವರೆಗೆ ಚರ್ಮ ಎದ್ದು ಕೀವು ಸುರಿಯುತ್ತಿತ್ತು. ಆ ಕೀವಿನ ನಡುವೆ ರಕಾರದ ಹೊಟ್ಟೆ ಇನ್ನೂ ದುಂಡಗೆ ಕಾಣುತ್ತಿತ್ತು. ನಾನು ಅಕ್ಕಿಹಿಟ್ಟು ಕಾಯಿಸಿ ಪಟ್ಟು ಹಾಕಲು ಹೇಳಿದೆ, ಬೇವಿನೆಲೆ ಕುದಿಸಿ ತೊಳೆಯಲು ಹೇಳಿದೆ.

ಅವಳ ತಾಯಿ ನನಗೆ ನೀರು ಕೊಡಲಿಲ್ಲ. ತಂದೆ ಮಾತ್ರ ಕೇಳಿದ: "ನಿಂಗೆ ಕೈ ಮುಗೀತೀನಿ ಕಣಮ್ಮ, ಏನಾಯ್ತು ಹೇಳು. ನನ್ ಮಗಳು ಕೇಳಿದ್ರೆ ಬೆಟ್ಟ ಬೆಟ್ಟ ಅಂತಾಳೆ."

ಅಲ್ಲಿಂದ ಸಿದ್ದರಬೆಟ್ಟ ಎದುರಿಗೇ ಕಾಣುತ್ತಿತ್ತು. ನಾನು ಹೇಳಬಹುದಾಗಿತ್ತು. ಮದುವೆ ಕಾಲ ಮುಗಿಯಲಿ, ಗಂಡ ಬರಲಿ, ಹೇಗಿದ್ದರೂ ಅವನು ಬಂದ ಮೇಲೆ ತಾನೆ ತೀರ್ಮಾನ ಎಂದುಕೊಂಡೆ. ಬಾಯಿ ತೆರೆಯದೆ ಎದ್ದು ಬಂದೆ. ಈ ಇಡೀ ಸಂಗತಿಯಲ್ಲಿ ನನ್ನ ತಪ್ಪು ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಬೇರೆ ಗುಡ್ಡ ನೋಡಿದ್ದು ಕಣ್ಣಿನ ತಪ್ಪು. ಅಲ್ಲಿಂದ ಮುಂದೆಯೂ ಎರಡು ತಿಂಗಳು ಸುಮ್ಮನಿದ್ದದ್ದು ನಾನು.

ಮೊದಲ ಮಳೆ ಬಿತ್ತು. ಕುರಿ ಹೊಡೆದುಕೊಂಡು ಹೋದವರು ವಾಪಸು ಬಂದರು ಎಂದು ಕೇಳಿದೆ. ಅವತ್ತು ನನ್ನ ಸರದಿ ಬೇರೆ ಹಟ್ಟಿಗೆ ಇತ್ತು. ಒಬ್ಬ ಮದುಮಗಳು ಜಗಲಿಯಲ್ಲಿ ಕೂತು ಕೈ ಚಾಚಿದಳು. ಅವಳ ನಾದಿನಿ ಹೆಸರು ಹೇಳಿದಳು. ಮಸಿಯಲ್ಲಿ ಗೆರೆ ಎಳೆದೆ. ಸೂಜಿ ಎತ್ತಿಕೊಂಡೆ. ಹಾಡು ಬರಲಿಲ್ಲ. ಹಾಡು ಬರದಿದ್ದರೆ ಕೈ ಓಡುವುದಿಲ್ಲ. ಮೂರು ಸಲ ಶುರು ಮಾಡಿದೆ. ಮಸಿ ಒರೆಸಿ ಎದ್ದೆ. "ಇನ್ನೊಂದ್ ದಿನ ಬತ್ತೀನಿ ಕಣಮ್ಮಿ" ಎಂದು ಹೇಳಿ ಬುಟ್ಟಿ ಎತ್ತಿಕೊಂಡು ನೇರ ಯಜಮಾನರ ಮನೆಗೆ ಹೋದೆ. ಆ ಹುಡುಗಿಯ ಗಂಡನನ್ನೂ ಭಾವನನ್ನೂ ಅತ್ತೆಯನ್ನೂ ಕರೆಸಿ ಎಂದೆ.

ಅವರು ಬಂದ ಮೇಲೆ ಸೂಜಿಯ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. "ಅವಳು ತೋರ್ಸಿದ್ದು ಸಿದ್ದರಬೆಟ್ಟ. ಹುಯ್ಯಬೇಕಾಗಿದ್ದು ಸಿದ್ದಪ್ಪ. ಮುಂದಿದ್ದ ಗುಡ್ಡ ನೋಡಿ ರಂಗಪ್ಪ ಅಂತ ಹುಯ್ದೋಳು ನಾನು. ಹುಡುಗಿ ತಪ್ಪಿಲ್ಲ."

ಕಬ್ಬಿಣದ ಮುಂದೆ ಎರಡು ಹೆಸರೂ ಆಡಿದೆ. ಇಬ್ಬರೂ ಎದುರಿಗೇ ನಿಂತಿದ್ದರು. ಯಾರಿಗೂ ಏನೂ ಆಗಲಿಲ್ಲ.

ಯಜಮಾನರು ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡರು. "ಅವತ್ತು ನಾನು ಕೇಳಿದಾಗ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಬಾಯ್ ಬುಡ್ಲಿಲ್ಲ?"

"ನಿಮ್ ಎಂಟು ಹಟ್ಟಿ ಕಳ್ಕೊತೀನಿ ಅಂತ."

"ಈಗ ಕಳ್ಕೊಂಡೆ" ಎಂದರು. "ಇನ್ನು ಈ ಕಡೆ ನಿನ್ ಸೂಜಿ ಕಾಣಬಾರದು."

ಭಾವ ನನ್ನ ಮುಂದೆ ಬಂದು ನಿಂತ. ತಮ್ಮನ ಹೆಂಡತಿ ತನಗೆ ತಂಗಿಯ ಸಮಾನ ಎಂದು ಮೂರು ತಿಂಗಳಿನಿಂದ ಮನೆಮನೆಗೂ ಹೇಳಿಕೊಂಡು ತಿರುಗಿದ್ದನಂತೆ. ಪಕ್ಕಕ್ಕೆ ಉಗಿದು ಹೊರಟುಹೋದ.

ಗಂಡ ಮಾತ್ರ ಕೂತೇ ಇದ್ದ. ಎಳೆ ಮುಖದವನು, ಬಿಸಿಲಿಗೆ ಕಪ್ಪಾಗಿದ್ದ. "ಅಡವೀಲಿ ಇದ್ದಾಗ ಅವ್ವ ಹೇಳಿ ಕಳ್ಸಿದ್ಲು" ಎಂದ. "ನಾನು ಅವಳು ಬ್ಯಾಡ ಅಂತ ಹೇಳಿ ಕಳ್ಸ್ದೆ. ಮಾವನ ಮಗಳ ಜೊತೆ ಮದ್ವೆ ಮಾತಾಗಿ ಎಲೆ ಅಡಿಕೆ ಆಗೋಯ್ತು. ಹೋದ ವಾರ ಆಗಿದ್ದು ಕಣಮ್ಮ. ಹೋದ ವಾರ."

"ಈಗ್ಲೂ ಬಿಡಿಸ್ಬೋದಲ್ಲಪ್ಪ" ಎಂದೆ.

ಅತ್ತೆ ಎದ್ದಳು. "ನನ್ ತಮ್ಮನ ಮಗಳಿಗೆ ಎಲೆ ಅಡಿಕೆ ಕೊಟ್ಟು ವಾಪಸ್ ಈಸ್ಕೊಳ್ಳಾಕೆ, ಅವಳೇನ್ ನಿನ್ ಸೂಜಿ ತಿದ್ದೋ ಚುಕ್ಕೀನಾ? ನಡಿ, ನಡಿ."

ಅವನು ತಾಯಿಯ ಮುಖ ನೋಡಿದ. ಯಜಮಾನರ ಮುಖ ನೋಡಿದ. ಕೊಟ್ಟ ಮಾತು ಕೊಟ್ಟಾಯಿತು ಎಂದು ಯಜಮಾನರು ಹೇಳಿದರು. ಅವನು ತಲೆ ತಗ್ಗಿಸಿದ. ಅಲ್ಲಿಗೆ ಮುಗಿಯಿತು.

ಎಂಟು ಹಟ್ಟಿಯ ಜೊತೆಗೆ ಪಕ್ಕದ ಹಟ್ಟಿಗಳೂ ಹೋದವು. ಸುದ್ದಿ ನನಗಿಂತ ಮುಂಚೆ ನಡೆಯುತ್ತಿತ್ತು. ಆಮೇಲೆ ಪಾವಗಡದ ಆಚೆ ಯಾರೂ ಅರಿಯದ ಕಡೆ ಹೋಗಿ, ತೆಲುಗಿನ ಅಕ್ಷರವನ್ನೂ ಕಲಿತು ಮೊದಲಿನಿಂದ ಶುರು ಮಾಡಿದೆ. ಅಲ್ಲಿ ನನ್ನದು ಒಂದೇ ಕಟ್ಟಳೆ: ಹೆಸರನ್ನು ಹುಯ್ಯಿಸಿಕೊಳ್ಳುವವಳೇ ಬಾಯಲ್ಲಿ ಹೇಳಬೇಕು. ಗುರುತು ಬೇಡ, ನಾದಿನಿ ಬೇಡ. ಗಂಡನ ಆಯಸ್ಸು ತೆಗೆಯುವ ಹೆಂಗಸು ಎಂದು ಬೈದರು. ಹತ್ತು ಜನ ಬಂದರೆ ಏಳು ಜನ ಎದ್ದು ಹೋದರು. ಬಾಕಿ ಮೂವರಲ್ಲೇ ಹೊಟ್ಟೆ ಹೊರೆದೆ. ಕಸುಬು ನಿಲ್ಲಬೇಕಾದರೆ ಗಿರಾಕಿಯನ್ನು ಎಬ್ಬಿಸಿ ಕಳಿಸುವುದನ್ನೂ ಕಲಿಯಬೇಕು. ಯಾರಾದರೂ ಹೊಸಬರು ಕೇಳಿದರೆ ಇಷ್ಟೇ ಹೇಳುತ್ತೇನೆ.

ಅದು ಆಮೇಲಿನದು. ಅದಕ್ಕೆ ಮೊದಲು ಆ ಹುಡುಗಿಯ ಊರಿಗೆ ಹೋಗಬೇಕಾಗಿತ್ತು. ಹೋದೆ.

ಅವಳು ಬಾಗಿಲ ಮುಂದೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಎಡಗೈ ಮಾಗಿತ್ತು. ಮಾಗಿದ ಜಾಗದ ಚರ್ಮ ಹುರಿ ಹುರಿಯಾಗಿ ಎದ್ದು ಹೊಳೆಯುತ್ತಿತ್ತು. ಅಕ್ಷರ ಇರಲಿಲ್ಲ. ತಾಯಿ ಒಳಗೆ ಒಲೆಯ ಹತ್ತಿರ ಇದ್ದಳು. ತಂದೆ ಇರಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕಟ್ಟೆಯ ಮುಂದೆ ಗೊತ್ತಿದ್ದೂ ಸುಮ್ಮನಿದ್ದದ್ದು, ಈಗ ಹೋಗಿ ಒಪ್ಪಿಕೊಂಡದ್ದು, ಎಲೆ ಅಡಿಕೆ ಆಗಿಹೋಗಿದ್ದು. ಅವಳು ಕೆಲಸ ನಿಲ್ಲಿಸಲಿಲ್ಲ. ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಹಾಕುತ್ತಿದ್ದಳು.

"ಕೈ ತೋರ್ಸು" ಎಂದೆ. "ಆ ಚರ್ಮ ಮಸಿ ಹಿಡಿಯಲ್ಲ. ಸುತ್ತ ಒಂದು ಬಳ್ಳಿ ಹುಯ್ದು ಮರೆ ಮಾಡ್ತೀನಿ."

"ಬ್ಯಾಡ ಬುಡಿ."

"ಪುಕ್ಕಟೆ ಹುಯ್ತೀನಿ ಕಣಮ್ಮಿ."

"ಬ್ಯಾಡ ಅಂದ್ನಲ್ಲ." ಆಮೇಲೆ ಕೇಳಿದಳು. "ಎಲೆ ಅಡಿಕೆ ಆಯ್ತು ಅಂದ್ರೆ, ಇನ್ನು ಅವ್ರು ನಂಗೆ ಏನೂ ಅಲ್ಲ?"

"ಅಲ್ಲ."

ಅವಳು ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟಳು. ಎದುರಿಗಿದ್ದ ಬೆಟ್ಟ ನೋಡಿದಳು.

"ಸಿದ್ದಪ್ಪ" ಎಂದಳು. ಮೆಲ್ಲಗೆ ಅಲ್ಲ, ಸಂತೆಯಲ್ಲಿ ಯಾರನ್ನೋ ಕೂಗುವ ಹಾಗೆ. ಇನ್ನೊಂದು ಸಲ ಅಂದಳು. "ಸಿದ್ದಪ್ಪ."

ಒಳಗಿನಿಂದ ತಾಯಿ ಗದರಿದಳು: "ಲೇ, ಬಾಯಿ ಮುಚ್ಚೇ! ಗಂಡನ ಹೆಸ್ರು..."

ಮಾತು ಅಲ್ಲಿಗೇ ನಿಂತಿತು. ಹುಡುಗಿ ಮತ್ತೆ ಹುಣಸೆಹಣ್ಣು ಕೈಗೆತ್ತಿಕೊಂಡಳು. ನಾನು ಬುಟ್ಟಿ ತಲೆಗೇರಿಸಿಕೊಂಡು ಹೊರಟೆ.